ಇನ್-ಎನ್-ಔಟ್ ಬರ್ಗರ್, ಮಿಷನ್ ಬುರಿಟೊ: ಹೈಪ್ ನಿಜವಾ ಅಂತ ನೀವೇ ನೋಡೋದು ಹೇಗೆ

ಕ್ಯಾಲಿಫೋರ್ನಿಯಾಗೆ ಕೆಲಸಕ್ಕೋ, ಮಗಳ ಮನೆಗೋ ಬಂದರೆ ಯಾರಾದರೂ ಈ ಎರಡು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಇನ್-ಎನ್-ಔಟ್‌ನಲ್ಲಿ ಬರ್ಗರ್ ತಿಂದ್ರಾ? ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಬಡಾವಣೆ ಕಡೆ ಬುರಿಟೊ, ಅಂದರೆ ಟೋರ್ಟಿಯಾ ಅನ್ನುವ ತೆಳು ರೊಟ್ಟಿಯಲ್ಲಿ ಬೀನ್ಸ್ ಕಾಳು, ಮಾಂಸ ಎಲ್ಲ ಇಟ್ಟು ಸುತ್ತಿದ್ದು, ತಿಂದ್ರಾ? ಹೋಗಿ ಉದ್ದದ ಕ್ಯೂನಲ್ಲಿ ನಿಂತು ತಿಂದವರಲ್ಲಿ ಕೆಲವರು ಕುಣಿದಾಡುತ್ತಾರೆ, ಇನ್ನು ಕೆಲವರು "ಇಷ್ಟಕ್ಕೆ ಇಷ್ಟೊಂದು ಗಲಾಟೆನಾ?" ಅಂತ ಮುಖ ಸಿಂಡರಿಸುತ್ತಾರೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇನ್-ಎನ್-ಔಟ್ ಬರ್ಗರ್‌ಗೆ ಆ ಹೆಸರು ಬಂದಿದ್ದು ನ್ಯಾಯವೇ, ಅಲ್ಲಿನ ಫ್ರೈಸ್‌ಗೆ ಅಲ್ಲ. ಮಿಷನ್ ಬುರಿಟೊಗಂತೂ ಎಷ್ಟು ಹೊಗಳಿದರೂ ಸಲ್ಲುತ್ತದೆ. ಆದರೆ ನನ್ನ ಮಾತು ನಂಬಬೇಕಿಲ್ಲ, ನೀವೇ ತಿಂದು ನೋಡಿ. ಸರಿಯಾಗಿ ಆರ್ಡರ್ ಮಾಡಿ, ಸರಿಯಾದ ಹೊತ್ತಿಗೆ ತಿನ್ನಿ, ಅಷ್ಟೇ.

ಮೊದಲು ಬರ್ಗರ್. ಇನ್-ಎನ್-ಔಟ್ ಯಾಕೆ ಹೆಸರುವಾಸಿ ಅಂತ ತಿಳಿದುಕೊಂಡೇ ಹೋಗಿ. 1948ರಲ್ಲಿ ಹ್ಯಾರಿ ಮತ್ತು ಎಸ್ತರ್ ಸ್ನೈಡರ್ ದಂಪತಿ ಕ್ಯಾಲಿಫೋರ್ನಿಯಾದ ಬಾಲ್ಡ್‌ವಿನ್ ಪಾರ್ಕ್ ಊರಿನಲ್ಲಿ ಶುರು ಮಾಡಿದ ಅಂಗಡಿ ಇದು. ಇವತ್ತಿಗೂ ಅದೇ ಕುಟುಂಬದ ಕೈಯಲ್ಲಿದೆ, ಫ್ರಾಂಚೈಸಿ ಯಾರಿಗೂ ಕೊಟ್ಟಿಲ್ಲ. ಅಂಗಡಿಯಲ್ಲಿ ಫ್ರೀಜರ್ ಇಲ್ಲ, ಮೈಕ್ರೋವೇವ್ ಇಲ್ಲ, ಮೆನು ಒಂದು ಅಂಗೈಯಷ್ಟು. ಅಂದರೆ ಅವರು ಹೇಳಿಕೊಳ್ಳುವುದು ಇಷ್ಟೇ: ಕಡಿಮೆ ಬೆಲೆಗೆ, ಫ್ರೆಶ್ ಸಾಮಾನಿನಿಂದ ಮಾಡಿದ ಬರ್ಗರ್. ದೊಡ್ಡ ರೆಸ್ಟೋರೆಂಟಿನ ದುಬಾರಿ ಬರ್ಗರ್ ಜೊತೆ ಇದನ್ನು ಹೋಲಿಸಿದರೆ ಅನ್ಯಾಯ. ಪಕ್ಕದ ಫಾಸ್ಟ್ ಫುಡ್ ಅಂಗಡಿಯ ಬರ್ಗರ್ ಜೊತೆ ಹೋಲಿಸಿ.

ಊಟದ ಹೊತ್ತಿಗೆ ಹೋಗಬೇಡಿ, ಮಧ್ಯಾಹ್ನ ಮೂರರ ಹೊತ್ತಿಗೆ ಹೋಗಿ. ಹಸಿದು ಕ್ಯೂನಲ್ಲಿ ನಿಂತವರಿಗೆ ಏನು ಕೊಟ್ಟರೂ ಒಂದೋ ಅಮೃತ, ಇಲ್ಲ ನಿರಾಸೆ. ಮೊದಲ ಸಲ ಒಂದು ಚೀಸ್‌ಬರ್ಗರ್, ಹುರಿದ ಈರುಳ್ಳಿ ಹಾಕಿ ಅಂತ ಹೇಳಿ, ಸಾಕು. ಎಲ್ಲರೂ "ಅನಿಮಲ್ ಸ್ಟೈಲ್ ತಗೊಳ್ಳಿ" ಅಂತಾರೆ. ಅದರಲ್ಲಿ ಪ್ಯಾಟಿಗೆ, ಅಂದರೆ ಒಳಗಿನ ದನದ ಮಾಂಸದ ಬಿಲ್ಲೆಗೆ, ಸಾಸಿವೆ ಸಾಸ್ ಹಚ್ಚಿ ಬೇಯಿಸಿ, ಉಪ್ಪಿನಲ್ಲಿಟ್ಟ ಸೌತೆ, ಹುರಿದ ಈರುಳ್ಳಿ, ಜಾಸ್ತಿ ಸ್ಪ್ರೆಡ್ (ಅವರ ಕೆನೆಯಂಥ ಸಾಸ್) ಎಲ್ಲ ಹಾಕಿ ಕೊಡುತ್ತಾರೆ. ಚೆನ್ನಾಗಿಯೇ ಇರುತ್ತದೆ, ಆದರೆ ಮೊದಲ ಸಲವೇ ಅದನ್ನು ತಿಂದರೆ ಸಾಸಿನ ರುಚಿ ಗೊತ್ತಾಗುತ್ತದೆ, ಬರ್ಗರ್‌ನ ರುಚಿ ಗೊತ್ತಾಗುವುದಿಲ್ಲ. ಎರಡನೇ ಸಲಕ್ಕೆ ಇಟ್ಟುಕೊಳ್ಳಿ. ಹಳದಿ ಮೆಣಸಿನಕಾಯಿ ಕೇಳಿದರೆ ಪುಕ್ಕಟೆ ಕೊಡುತ್ತಾರೆ, ನಮ್ಮ ನಾಲಿಗೆಗೆ ಅದು ಬೇಕೇ ಬೇಕು.

ಅಲ್ಲೇ ಕೂತು ತಿನ್ನಿ, ದಯವಿಟ್ಟು. ಬನ್ನಿನ ಒಳಮೈ ಹುರಿದಿರುತ್ತದೆ, ಹಾಗಾಗಿ ಟೊಮೆಟೊ ನೀರು ಬೇಗ ಇಳಿಯುವುದಿಲ್ಲ. ಪ್ಯಾಟಿ ಬಿಸಿ, ಚೀಸ್ ಆಗಷ್ಟೇ ಕರಗಿದೆ, ಲೆಟ್ಯೂಸ್ ತಣ್ಣಗೆ ಕರುಂ ಅನ್ನುತ್ತದೆ. ಈ ಬರ್ಗರ್‌ನ ಮಜಾ ಇರುವುದೇ ಆ ಬಿಸಿ-ತಣ್ಣನೆಯ ಜೋಡಿಯಲ್ಲಿ. ಕಾರಿನಲ್ಲಿ ಮನೆಗೆ ಒಯ್ದು ತಿಂದು ಚೆನ್ನಾಗಿಲ್ಲ ಅನ್ನುವುದು, ಬೆಣ್ಣೆ ದೋಸೆ ಪಾರ್ಸೆಲ್ ತಂದು ಗರಿಗರಿ ಇಲ್ಲ ಅಂದ ಹಾಗೆ.

ಫ್ರೈಸ್ ವಿಷಯ ಬೇರೆ. ಆಲೂಗಡ್ಡೆಯನ್ನು ಅಂಗಡಿಯಲ್ಲೇ, ನಿಮ್ಮ ಕಣ್ಣೆದುರೇ ಒತ್ತಿ ಕತ್ತರಿಸಿ ಸೂರ್ಯಕಾಂತಿ ಎಣ್ಣೆಗೆ ಬಿಡುತ್ತಾರೆ. ನೋಡಲು ಖುಷಿ. ಆದರೆ ಕರಿಯುವುದು ಒಂದೇ ಸಲ, ಹಾಗಾಗಿ ಬೇಗ ಮೆತ್ತಗಾಗುತ್ತದೆ. ಬೇರೆ ಕಡೆ ಸಿಗುವ ಫ್ರೋಜನ್ ಫ್ರೈಸ್ ಫ್ಯಾಕ್ಟರಿಯಲ್ಲೇ ಒಮ್ಮೆ ಅರ್ಧ ಕರಿದು ಬಂದಿರುತ್ತದೆ, ಅದಕ್ಕೇ ಅದು ಗರಿಗರಿ. ಇಲ್ಲಿ "ವೆಲ್ ಡನ್" ಅಂತ ಹೇಳಿದರೆ ಇನ್ನಷ್ಟು ಹೊತ್ತು ಕರಿದು ಕೊಡುತ್ತಾರೆ, ಆಗ ಪರವಾಗಿಲ್ಲ.

ದನದ ಮಾಂಸ ತಿನ್ನದವರಿಗೆ ನೇರವಾಗಿ ಹೇಳುತ್ತೇನೆ, ಈ ಹೈಪ್ ನಿಮಗಲ್ಲ. ಚಿಕನ್ ಇಲ್ಲ, ತರಕಾರಿ ಪ್ಯಾಟಿ ಇಲ್ಲ. "ಗ್ರಿಲ್ಡ್ ಚೀಸ್" ಅಂತ ಕೇಳಿದರೆ ಪ್ಯಾಟಿ ಬಿಟ್ಟು ಚೀಸ್, ಟೊಮೆಟೊ, ಲೆಟ್ಯೂಸ್ ಇಟ್ಟು ಕೊಡುತ್ತಾರೆ. ಸ್ಪ್ರೆಡ್‌ನಲ್ಲಿ ಮೊಟ್ಟೆ ಇದೆ, ಬೇಡದಿದ್ದರೆ ಮೊದಲೇ ಹೇಳಿ. ಈ ಗ್ರಿಲ್ಡ್ ಚೀಸ್‌ಗೋಸ್ಕರ ದೂರದಿಂದ ಹೋಗಬೇಕಿಲ್ಲ.

ಬುರಿಟೊ ಹಾಗಲ್ಲ, ಅದು ನಮ್ಮವರಿಗೆ ನಿಜವಾದ ಊಟ. ಬಾರ್ಟ್ ರೈಲಿನಲ್ಲಿ 24ನೇ ಬೀದಿಯ ಮಿಷನ್ ಸ್ಟೇಷನ್‌ನಲ್ಲಿ ಇಳಿಯಿರಿ, ನಡೆದೇ ಹೋಗಬಹುದು. ಕೈಯಲ್ಲಿ ಒಂದಿಷ್ಟು ಕ್ಯಾಶ್ ಇರಲಿ. ಲಾ ಟಕೇರಿಯಾ ಅನ್ನುವ ಅಂಗಡಿ 1973ರಿಂದ ಇದೆ. 2014ರಲ್ಲಿ ಫೈವ್‌ಥರ್ಟಿಎಯ್ಟ್ ಅನ್ನುವ ವೆಬ್‌ಸೈಟ್ ಇಡೀ ದೇಶದ ಬುರಿಟೊಗಳ ನಡುವೆ ನಡೆಸಿದ ಸ್ಪರ್ಧೆಯಲ್ಲಿ ಗೆದ್ದಿದ್ದು ಇದೇ, ಕ್ಯೂ ಉದ್ದವಾಗಲು ಅದೂ ಒಂದು ಕಾರಣ. ಇಲ್ಲಿ ಬುರಿಟೊಗೆ ಅನ್ನ ಹಾಕುವುದಿಲ್ಲ. "ದೊರಾದೊ" ಅಂತ ಕೇಳಿ, ಸುತ್ತಿದ ಮೇಲೆ ಕಾವಲಿ ಮೇಲಿಟ್ಟು ಹೊರಮೈ ಕೆಂಪಗೆ ಮಾಡಿ ಕೊಡುತ್ತಾರೆ. ಸ್ಟೇಷನ್ ಹತ್ತಿರವೇ ಇರುವ ಎಲ್ ಫರೊಲಿಟೊದಲ್ಲಿ ಅನ್ನ, ಬೀನ್ಸ್ ಎಲ್ಲ ತುಂಬಿದ ದಪ್ಪ ಬುರಿಟೊ ಸಿಗುತ್ತದೆ, 1960ರ ದಶಕದಲ್ಲಿ ಮಿಷನ್‌ನಲ್ಲಿ ಹುಟ್ಟಿದ ಶೈಲಿ ಅದು. ಇಬ್ಬರಿದ್ದರೆ ಎರಡೂ ಕಡೆ ಒಂದೊಂದು ತಗೊಂಡು ಹಂಚಿಕೊಳ್ಳಿ.

ಈಗ ಪರೀಕ್ಷೆ. ಫಾಯಿಲ್ ಬಿಚ್ಚಿ, ಮಧ್ಯಕ್ಕೆ ಕತ್ತರಿಸಿ, ಒಳಗೆ ನೋಡಿ. ಅನ್ನವೆಲ್ಲ ಒಂದು ಕಡೆ, ಕ್ರೀಮ್ ಎಲ್ಲ ಇನ್ನೊಂದು ತುದಿಯಲ್ಲಿ ಸೇರಿದ್ದರೆ ಸುತ್ತಿದವರಿಗೆ ಗಮನ ಇರಲಿಲ್ಲ ಅಂತ. ಒಳ್ಳೆಯದರಲ್ಲಿ ಪ್ರತಿ ತುತ್ತಿಗೂ ಎಲ್ಲವೂ ಸ್ವಲ್ಪ ಸ್ವಲ್ಪ ಸಿಗುತ್ತದೆ. ಅರ್ಧಕ್ಕಿಂತ ಜಾಸ್ತಿ ಅನ್ನವೇ ಇದ್ದರೆ ನೀವು ಕೊಟ್ಟಿದ್ದು ಅನ್ನದ ದುಡ್ಡು. ಬೀನ್ಸ್ ಕಾಳು ಕಾಳಾಗಿ, ಬಾಯಲ್ಲಿ ಮೆತ್ತಗೆ ಒಡೆಯಬೇಕು. ಕೊನೆಯ ತುತ್ತಿನವರೆಗೂ ಟೋರ್ಟಿಯಾ ಕೆಳಗೆ ಹರಿದು ಸೋರಬಾರದು. ಮೊದಲೆರಡು ತುತ್ತು ಸಾಲ್ಸಾ (ಅಲ್ಲಿನ ಖಾರದ ಚಟ್ನಿ) ಇಲ್ಲದೆ ತಿನ್ನಿ, ಆಮೇಲೆ ಎಷ್ಟು ಬೇಕೋ ಸುರಿದುಕೊಳ್ಳಿ.

ಸಸ್ಯಾಹಾರಿಗಳು ಆರ್ಡರ್ ಮಾಡುವ ಮೊದಲೇ ಎರಡು ಪ್ರಶ್ನೆ ಕೇಳಿ. ಬೀನ್ಸ್‌ಗೆ ಲಾರ್ಡ್, ಅಂದರೆ ಹಂದಿ ಕೊಬ್ಬು, ಹಾಕಿದ್ದೀರಾ? ಅನ್ನವನ್ನು ಚಿಕನ್ ಸೂಪಿನಲ್ಲಿ ಬೇಯಿಸಿದ್ದೀರಾ? ಕಿವುಚಿದ ರಿಫ್ರೈಡ್ ಬೀನ್ಸ್‌ನಲ್ಲಿ ಕೊಬ್ಬು ಇರುವುದು ಸಾಮಾನ್ಯ. ಕೇಳಲು ಸಂಕೋಚ ಬೇಡ, ಅವರಿಗೆ ಇದು ಹೊಸ ಪ್ರಶ್ನೆಯಲ್ಲ.

ಬುರಿಟೊ ಮಾರುವ ದೊಡ್ಡ ಚೈನ್ ಚಿಪೋಟ್ಲೆ ಹೇಗೆ? 1993ರಲ್ಲಿ ಡೆನ್ವರ್‌ನಲ್ಲಿ ಅದನ್ನು ಶುರು ಮಾಡಿದ ಸ್ಟೀವ್ ಎಲ್ಸ್‌ಗೆ ದಾರಿ ತೋರಿಸಿದ್ದೇ ಈ ಮಿಷನ್ ಬುರಿಟೊ. ದಾರಿಯಲ್ಲಿ ಹಸಿವಾದಾಗ ನಂಬಬಹುದಾದ ಊಟ, ಅದಕ್ಕಿಂತ ಜಾಸ್ತಿ ಏನಿಲ್ಲ. ಬೆಂಗಳೂರಿನಲ್ಲಿರುವವರು 2012ರಲ್ಲಿ ಅಲ್ಲೇ ಶುರುವಾದ ಕ್ಯಾಲಿಫೋರ್ನಿಯಾ ಬುರಿಟೊ ಅನ್ನುವ ಅಂಗಡಿಯಲ್ಲಿ ಇದೇ ಪರೀಕ್ಷೆ ಮಾಡಿ ನೋಡಬಹುದು. ಇಂಥ ಕಡೆ ಕೌಂಟರ್ ಮುಂದೆ ನಿಂತಾಗಲೇ "ಅನ್ನ ಕಡಿಮೆ, ಬೀನ್ಸ್ ಜಾಸ್ತಿ" ಅಂತ ಹೇಳಿಬಿಡಿ, ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಲಾ ಟಕೇರಿಯಾ ಮುಂದೆ ಕ್ಯೂ ಬೀದಿಗೆ ಬಂದಿದ್ದರೆ ಅವತ್ತು ನಿಲ್ಲಬೇಡಿ. ಮಿಷನ್ ಬೀದಿಯಲ್ಲೇ ಮುಂದೆ ಹೋಗಿ, ಕ್ಯೂ ಇಲ್ಲದ, ಒಳಗೆ ಅಲ್ಲಿನ ಕೆಲಸಗಾರರು ಕೂತು ಊಟ ಮಾಡುತ್ತಿರುವ ಯಾವುದಾದರೂ ಅಂಗಡಿಯಲ್ಲಿ ಅದೇ ಬುರಿಟೊ ತಗೊಳ್ಳಿ. ಇನ್ನೊಂದು ದಿನ, ವಾರದ ಮಧ್ಯೆ, ಜನ ಕಡಿಮೆ ಇರುವ ಹೊತ್ತಿಗೆ ಲಾ ಟಕೇರಿಯಾಗೆ ಬಂದು ತಿಂದರೆ ಎರಡಕ್ಕೂ ಎಷ್ಟು ವ್ಯತ್ಯಾಸ ಅಂತ ನಿಮಗೇ ಗೊತ್ತಾಗುತ್ತದೆ.