ಸಿಡಿ4 ರಿಪೋರ್ಟ್ ಕೈಗೆ ಬಂದಾಗ ಏನು ನೋಡಬೇಕು

ಕೊಪ್ಪಳದಲ್ಲಿ ಎಚ್‌ಐವಿಗೆ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರದ ಹೊರಗೆ, ಬೇವಿನ ಮರದ ಕೆಳಗೆ ನಿಂತು ನಮ್ಮ ಅಕ್ಕ ಚಿಕಿತ್ಸೆಯ ವಿವರ ಬರೆಯುವ ಹಸಿರು ಪುಸ್ತಕ ತೆಗೆದು ಬೆರಳಿಟ್ಟು ತೋರಿಸಿದಳು. ಹೋದ ಸಲ 410. ಈ ಸಲ 340. ಮುಖ ಬಾಡಿತ್ತು. ವಾರದ ಹಿಂದಷ್ಟೇ ಅವಳಿಗೆ ಜ್ವರ ಬಂದು ಹೋಗಿತ್ತು, ಅದನ್ನ ನೆನಪಿಸಿದೆ.

ಒಂದೇ ಅಂಕಿ ನೋಡಿ ಹೆದರಬೇಡಿ. ಸಿಡಿ4 ಅನ್ನೋದು ರೋಗದ ವಿರುದ್ಧ ಉಳಿದ ಕಣಗಳನ್ನ ಎಬ್ಬಿಸುವ ಬಿಳಿ ರಕ್ತಕಣ. ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರ್ ರಕ್ತಕ್ಕೆ ಸುಮಾರು 500ರಿಂದ 1500 ಇರುತ್ತದೆ. ಸಣ್ಣ ಜ್ವರಕ್ಕೂ ಅದು ಇಳಿಯುತ್ತದೆ, ಬೆಳಿಗ್ಗೆಗೂ ಸಂಜೆಗೂ ಬೇರೆ ಬರುತ್ತದೆ. ಹಳೆಯ ಮೂರ್ನಾಲ್ಕು ರಿಪೋರ್ಟ್ ಪಕ್ಕದಲ್ಲಿಟ್ಟು ನೋಡಿ, ಒಟ್ಟಾರೆ ಏರುತ್ತಿದೆಯೋ ಇಳಿಯುತ್ತಿದೆಯೋ ಅಂತ. 200ಕ್ಕಿಂತ ಕೆಳಗೆ ಹೋದರಂತೂ ತಡ ಮಾಡದೆ ಡಾಕ್ಟರ್ ಹತ್ತಿರ ಕೂತು ಮಾತಾಡಿ, ನ್ಯುಮೋನಿಯಾ ತಡೆಯಲು ಬೇರೆ ಮಾತ್ರೆ ಬೇಕಾಗುತ್ತದೆ. ಟಿಬಿ ಮಾತ್ರ ಎಷ್ಟೇ ಸಿಡಿ4 ಇದ್ದರೂ ಬರಬಹುದು. ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಯೋದು, ಇವುಗಳಲ್ಲಿ ಒಂದು ಕಂಡರೂ ಹೇಳಿಬಿಡಿ.

ಇನ್ನೊಂದು ಅಂಕಿ ವೈರಲ್ ಲೋಡ್, ಅಂದರೆ ರಕ್ತದಲ್ಲಿ ಎಚ್‌ಐವಿ ವೈರಸ್ ಎಷ್ಟಿದೆ ಅನ್ನೋದು. ನನ್ನ ಮಟ್ಟಿಗೆ ಜಾಸ್ತಿ ಮುಖ್ಯ ಇದೇ. ಮಾತ್ರೆ ಶುರುವಾಗಿ 6 ತಿಂಗಳಿಗೆ, 12 ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಮಾಡುತ್ತಾರೆ. 1000ಕ್ಕಿಂತ ಹೆಚ್ಚು ಬಂದರೆ ಮೊದಲು ಮಾತ್ರೆ ತಪ್ಪಿದೆಯಾ ಅಂತ ವಿಚಾರಿಸುತ್ತಾರೆ, ಬೈಸಿಕೊಳ್ಳೋ ಭಯಕ್ಕೆ ಮುಚ್ಚಿಡಬೇಡಿ.

ಸಿಡಿ4 ಚೆನ್ನಾಗಿದೆ, ಇನ್ನು ಮಾತ್ರೆ ಯಾಕೆ ಅಂತ ಬಿಡುವವರನ್ನ ನೋಡಿದರೆ ಹೊಟ್ಟೆ ಉರಿಯುತ್ತದೆ. ವೈರಸ್ ಕೆಲವು ಸಿಡಿ4 ಕಣಗಳೊಳಗೇ ಸದ್ದಿಲ್ಲದೆ ಅಡಗಿ ಕೂತಿರುತ್ತದೆ, ಅಲ್ಲಿ ಮಾತ್ರೆಯೂ ಮುಟ್ಟಲ್ಲ, ಸಿಡಿ8 ಅನ್ನೋ ಕೊಲ್ಲುವ ಕಣಗಳ ಕಣ್ಣಿಗೂ ಬೀಳಲ್ಲ. ಮಾತ್ರೆ ಬಿಟ್ಟರೆ ಕೆಲವೇ ವಾರದಲ್ಲಿ ಮತ್ತೆ ಹೆಚ್ಚುತ್ತದೆ. ವರ್ಷಗಟ್ಟಲೆ ಅದರ ಜೊತೆ ಗುದ್ದಾಡಿದ ಸಿಡಿ8 ಕಣಗಳು ದಣಿದು, ಎದುರಿಗಿದ್ದರೂ ಹೊಡೆಯಲಾರದ ಸ್ಥಿತಿಗೆ ಬಂದಿರುತ್ತವೆ.

ದುಡಿಯೋಕೆ ಬೆಂಗಳೂರಿಗೆ ಗುಳೆ ಹೋಗುವವರು ಹೊರಡೋ ಮುಂಚೆಯೇ ಕೇಂದ್ರಕ್ಕೆ ಹೋಗಿ ಹೇಳಿ. ಎರಡು-ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡುತ್ತಾರಾ ಕೇಳಿ, ಇಲ್ಲವಾದರೆ ಬೆಂಗಳೂರಿನ ಕೇಂದ್ರಕ್ಕೆ ಹೆಸರು ವರ್ಗ ಮಾಡಿಸಿಕೊಳ್ಳಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಗ್ಯಾಸ್‌ಗೆ ಕುಡಿಯುವ ಔಷಧಿ ನುಂಗುತ್ತಿದ್ದರೆ ಅದನ್ನೂ ಹೇಳಿ, ಎಚ್‌ಐವಿ ಮಾತ್ರೆಯಲ್ಲಿರುವ ಡೊಲುಟೆಗ್ರಾವಿರ್ ಅನ್ನೋ ಔಷಧಿ ಮೈಗೆ ಹತ್ತೋದಕ್ಕೆ ಇವು ಅಡ್ಡ ಬರುತ್ತವೆ. ಊರಲ್ಲಿ ಯಾರ ಹತ್ತಿರವೂ ಕೇಳೋಕಾಗದ ಪ್ರಶ್ನೆ ಇದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳಲ್ಲ.