ಜಿನ್ ಜೊತೆ ನಿಂಬೆ, ಮೋಸಂಬಿ: ಸಿಪ್ಪೆ ಎಸೆಯಬೇಡಿ

ಗೋವಾದಲ್ಲಿರುವ ನಮ್ಮವರಿಗೆ ಒಂದು ಸಲಹೆ. ಜಿನ್ ಅಂತೂ ಇಲ್ಲೇ ತಯಾರಾಗುತ್ತದೆ. ಗ್ರೇಟರ್ ದ್ಯಾನ್, ಸ್ಟ್ರೇಂಜರ್ ಆ್ಯಂಡ್ ಸನ್ಸ್ ಎರಡೂ ಇಲ್ಲಿಯವೇ. ಅದಕ್ಕೆ ಸುಮ್ನೆ ಬಾಟಲಿ ಜ್ಯೂಸ್ ಯಾಕೆ ಸುರಿಯಬೇಕು, ಅಲ್ವಾ?

ರುಚಿ ಇರುವುದು ಸಿಪ್ಪೆಯಲ್ಲಿ. ಪೀಲರ್‌ನಿಂದ ಮೋಸಂಬಿ ಸಿಪ್ಪೆಯನ್ನು ತೆಳುವಾಗಿ ತೆಗೆಯಿರಿ. ಒಳಗಿನ ಬಿಳಿ ಭಾಗ ಬಂದರೆ ಕಹಿ. ನಾಲ್ಕು ಚಮಚ ಸಕ್ಕರೆ ಹಾಕಿ ಚೆನ್ನಾಗಿ ಹಿಸುಕಿ, ಒಂದು ಗಂಟೆ ಮುಚ್ಚಿಡಿ. ಸಿಪ್ಪೆಯ ಎಣ್ಣೆ ಸಕ್ಕರೆಗೆ ಇಳಿಯುತ್ತದೆ. ಆಮೇಲೆ ಸಕ್ಕರೆಯಷ್ಟೇ ಬಿಸಿನೀರು ಹಾಕಿ ಕರಗಿಸಿ, ಸೋಸಿ, ಆರಲು ಬಿಡಿ. ಈ ಘಮ ಅಂಗಡಿಯ ಸಿರಪ್‌ನಲ್ಲಿ ಸಿಗುವುದಿಲ್ಲ.

ಒಂದು ಗ್ಲಾಸಿಗೆ 45 ಮಿಲಿ ಜಿನ್, 20 ಮಿಲಿ ನಿಂಬೆರಸ, 20 ಮಿಲಿ ಪಾಕ ಸಾಕು. ಬಿಗಿ ಮುಚ್ಚಳದ ಸ್ಟೀಲ್ ಬಾಟಲಿಗೆ ಹಾಕಿ, ಐಸ್ ತುಂಬಿ, 15 ಸೆಕೆಂಡ್ ಜೋರಾಗಿ ಕುಲುಕಿ. ಸೋಡಾ ಮಾತ್ರ ಕೊನೆಗೆ, ಗ್ಲಾಸಿಗೇ ಹಾಕಿ. ಬಾಟಲಿಗೆ ಹಾಕಿ ಕುಲುಕಿದರೆ ಮುಚ್ಚಳ ಹಾರುತ್ತದೆ! ಮೋಸಂಬಿ ರಸ ಬೇಕಿದ್ದರೆ ಆಗಲೇ ಹಿಂಡಿ, ಜಾಸ್ತಿ ಹೊತ್ತು ಇಟ್ಟರೆ ಕಹಿಯಾಗುತ್ತದೆ.

ಊರಿಗೆ ಬಾಟಲಿ ಒಯ್ಯುವವರು ಮೊದಲು ಅಬಕಾರಿ ನಿಯಮ ವಿಚಾರಿಸಿಕೊಳ್ಳಿ. ಕಾರವಾರದ ದಾರಿಯಲ್ಲಿ ಮಾಜಾಳಿ ಚೆಕ್‌ಪೋಸ್ಟ್ ಇದೆ.