ನಿಂತಾಗ ಕಿರುಚುವ ಕ್ಲಚ್: ನನ್ನ ಕಾರ್ಟ್‌ನ ಬುಷ್ ಕಥೆ

ಓಡುವಾಗ ಸದ್ದಿಲ್ಲ. ಬ್ರೇಕ್ ಒತ್ತಿ ಐಡಲ್‌ನಲ್ಲಿ ಬಿಟ್ಟರೆ ಸಾಕು, ಹಂದಿಮರಿಯ ಕಾಲು ತುಳಿದ ಹಾಗೆ ಕ್ಲಚ್ ಕಡೆಯಿಂದ ಕೀಂಯ್ ಅಂತ ಶುರು.

ನನ್ನದು ಹೋಂಡಾ ಜಿಎಕ್ಸ್200 ಎಂಜಿನ್ ಕೂರಿಸಿದ ಫೋರ್ ಸ್ಟ್ರೋಕ್ ಗೋ-ಕಾರ್ಟ್ (ರೇಸಿನ ಪುಟ್ಟ ಗಾಡಿ), 196 ಸಿಸಿ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಕೊಡಗಿನ ಗೋಣಿಕೊಪ್ಪಲಿನ ಹತ್ತಿರ ಮನೆ. ಕಾಫಿ ಒಣಗಿ ಮೂಟೆ ಕಟ್ಟಿ ಸಾಗಿಸಿದ ಮೇಲೆ ಸಿಮೆಂಟ್ ಕಣ ಖಾಲಿ ಬೀಳುತ್ತದಲ್ಲಾ, ಮಳೆ ಹಿಡಿಯುವವರೆಗೆ ಅದೇ ನನ್ನ ಪ್ರಾಕ್ಟೀಸ್ ಟ್ರ್ಯಾಕ್.

ಸದ್ದು ಕೇಳಿದಾಗ ಮೊದಲು ಚೈನಿನ ಮೇಲೆ ಅನುಮಾನ ಬಂತು. ಎಣ್ಣೆ ಬಿಟ್ಟೆ. ಹೋಗಲಿಲ್ಲ. ಸಡಿಲ ಇರಬೇಕು ಅಂತ ಎಂಜಿನ್ ಮುಂದಕ್ಕೆ ಎಳೆದು ಚೈನ್ ಬಿಗಿ ಮಾಡಿದೆ. ಎರಡೇ ದಿನಕ್ಕೆ ಸದ್ದು ಇನ್ನೂ ಜೋರಾಯಿತು. ಸರಿ, ಬಿಚ್ಚಲೇಬೇಕು.

ಕ್ಲಚ್ ಹಿಡಿದಿಟ್ಟಿರುವ, ಎಂಜಿನ್ ಶಾಫ್ಟ್ ತುದಿಯ ಬೋಲ್ಟ್ ಇಂಚಿನ ಅಳತೆಯದ್ದು. ತಲೆ ಅರ್ಧ ಇಂಚು. ನಮ್ಮ 13ರ ಸ್ಪ್ಯಾನರ್ ಕೂರುತ್ತದೆ, ಆದರೆ ಒಂಚೂರು ಲೂಸು. ಜೋರು ಮಾಡಿದರೆ ಮೂಲೆ ಸವೆದುಹೋಗುತ್ತದೆ. ಹಾಗಾಗಿ ಅರ್ಧ ಇಂಚಿನ ಸಾಕೆಟ್ ಹುಡುಕಿ ತಂದೆ. ಬೋಲ್ಟ್ ತಿರುಗಿಸಿದರೆ ಎಂಜಿನ್ನೂ ಜೊತೆಗೇ ತಿರುಗುತ್ತದೆ. ಅದಕ್ಕೆ ಸ್ಪಾರ್ಕ್ ಪ್ಲಗ್ ತೆಗೆದು, ಪಿಸ್ಟನ್ ಕಂಪ್ರೆಷನ್‌ನಲ್ಲಿ ಮೇಲೆ ಬರುವಾಗ ಪ್ಲಗ್ ತೂತಿನಿಂದ ನೈಲಾನ್ ಹಗ್ಗ ತುರುಕಿದೆ. ಪಿಸ್ಟನ್ ಹಗ್ಗಕ್ಕೆ ಒರಗಿ ನಿಂತಿತು, ಬೋಲ್ಟ್ ಬಂತು. ಹಗ್ಗದ ತುದಿ ಹೊರಗೇ ಇರಲಿ, ಮರೀಬೇಡಿ.

ಕ್ಲಚ್ಚಿನ ಹೊರಚಿಪ್ಪು, ಅಂದರೆ ಡ್ರಮ್ ಮಾತ್ರ ಬರಲಿಲ್ಲ. ಕೈಯಲ್ಲಿ ಅಲುಗಿಸಿ ಅಲುಗಿಸಿ ಎಳೆದಾಗ ಸುಟ್ಟ ವಾಸನೆಯ ಜೊತೆ ಕಳಚಿಕೊಂಡಿತು. ಶಾಫ್ಟ್ ಮೇಲೆ ತಾಮ್ರದ ಬಣ್ಣದ ಪಟ್ಟೆ. ಡ್ರಮ್ಮಿನೊಳಗಿನ ಕಂಚಿನ ಬುಷ್, ಅಂದರೆ ಶಾಫ್ಟ್ ಹಾಯುವ ಗಿಡ್ಡ ಕೊಳವೆ, ಕರ್ರಗೆ. ವರ್ನಿಯರ್ ಹಾಕಿ ಅಳೆದರೆ ಶಾಫ್ಟ್ ಸರಿಯಾಗೇ ಇದೆ, ಮುಕ್ಕಾಲು ಇಂಚು, ಅಂದರೆ 19.05 ಮಿಮೀ. ಬುಷ್ಷಿನ ತೂತು 19.5 ದಾಟಿತ್ತು, ಅದೂ ಒಂದೇ ಕಡೆಗೆ ಮೊಟ್ಟೆಯ ಹಾಗೆ.

ತೋಟದಲ್ಲಿ ಕಳೆ ಹೊಡೆಯುವ ಮೆಷಿನ್ ನೋಡಿದ್ದೀರಲ್ವಾ? ರೇಸ್ ಕೊಟ್ಟರೆ ಮಾತ್ರ ಬ್ಲೇಡ್ ತಿರುಗುತ್ತದೆ. ಕಾರ್ಟ್‌ನ ಕ್ಲಚ್ಚೂ ಅದೇ ಜಾತಿ. ಶೂಗಳು ಶಾಫ್ಟ್ ಜೊತೆ ಯಾವಾಗಲೂ ತಿರುಗುತ್ತವೆ. ಆರ್‌ಪಿಎಂ ಏರಿದಾಗ ಹೊರಕ್ಕೆ ಹಾರಿ ಡ್ರಮ್ ಹಿಡಿಯುತ್ತವೆ. ಡ್ರಮ್ಮಿನಲ್ಲೇ ಚೈನಿನ ಸ್ಪ್ರಾಕೆಟ್ (ಹಲ್ಲಿನ ಚಕ್ರ). ಆ ಡ್ರಮ್ ಶಾಫ್ಟ್ ಮೇಲೆ ಕೂತಿರುವುದು ಈ ಬುಷ್ ಮೇಲೆ.

ಹಳೆಯದು ಬುಷ್ ತಾನೇ, ಬೇರಿಂಗೇ ಹಾಕಿಬಿಡೋಣ ಅಂತ ಹೊರಟೆ. ಮೈಸೂರಿನಿಂದ ನೀಡಲ್ ಬೇರಿಂಗ್ (ಸೂಜಿಯಂಥ ಸಣ್ಣ ರೋಲರ್‌ಗಳಿರುವುದು) ತಂದು, ಲೇತ್‌ನಲ್ಲಿ ಡ್ರಮ್ಮಿನ ತೂತು ಒಂಚೂರು ದೊಡ್ಡದು ಮಾಡಿಸಿ ಕೂರಿಸಿದೆ. ಮೊದಲ ವಾರ ಬೆಣ್ಣೆ. ತಿಂಗಳಾಗುವಷ್ಟರಲ್ಲಿ ಗರಗರ. ಬಿಚ್ಚಿದರೆ ಶಾಫ್ಟ್ ಮೇಲೆ ಸೂಜಿ ಇಟ್ಟು ಒತ್ತಿದ ಹಾಗೆ ಸಣ್ಣ ಸಣ್ಣ ಗೆರೆ, ಸಾಲಾಗಿ. ಅದನ್ನು ಹಿಡಿದು ಮತ್ತೆ ಲೇತ್‌ನ ಅಣ್ಣನ ಹತ್ತಿರ ಓಡಿದೆ.

“ಬುಷ್‌ಗಿಂತ ಬೇರಿಂಗ್ ಒಳ್ಳೇದಲ್ವಾ ಅಣ್ಣಾ?” ಅಂದೆ.

“ಸುತ್ತುತ್ತಾ ಇದ್ರೆ ಒಳ್ಳೇದು. ನಿನ್ನ ಗಾಡೀಲಿ ಅದು ಸುತ್ತೋದು ಯಾವಾಗ, ಹೇಳು ನೋಡೋಣ?”

ಅಲ್ಲೇ ನಿಂತು ಯೋಚಿಸಿದೆ. ಗಾಡಿ ಓಡುವಾಗ ಕ್ಲಚ್ ಪೂರ್ತಿ ಹಿಡಿದಿರುತ್ತದೆ, ಡ್ರಮ್ಮೂ ಶಾಫ್ಟೂ ಒಟ್ಟಿಗೇ ತಿರುಗುತ್ತವೆ. ಬುಷ್‌ಗೆ ಅಲ್ಲಿ ಕೆಲಸವೇ ಇಲ್ಲ, ಭಾರ ಮಾತ್ರ. ಗಾಡಿ ನಿಂತಾಗ ಡ್ರಮ್ ಸುಮ್ನೆ ನಿಂತಿರುತ್ತದೆ, ಶಾಫ್ಟ್ ಅದರೊಳಗೆ ತಿರುಗುತ್ತದೆ. ಸವೆತವೆಲ್ಲ ಆಗುವುದು ನಿಂತಾಗ ಮತ್ತು ಕ್ಲಚ್ ಜಾರುವಾಗ. ನೀಡಲ್ ಬೇರಿಂಗಿನ ಕಷ್ಟ ಬೇರೆ. ಓಡುವಾಗ ರೋಲರ್‌ಗಳು ಒಂದೇ ಜಾಗದಲ್ಲಿ ನಿಂತು, ಎಂಜಿನ್ನಿನ ನಡುಕಕ್ಕೆ ಶಾಫ್ಟನ್ನು ಕುಟ್ಟುತ್ತವೆ. ಎಂಜಿನ್ ಶಾಫ್ಟ್ ಬೇರಿಂಗ್ ರೇಸಿನಷ್ಟು (ರೋಲರ್ ಉರುಳುವ ಉಕ್ಕಿನ ಬಳೆಯಷ್ಟು) ಗಟ್ಟಿ ಅಲ್ಲ, ಅದಕ್ಕೇ ಆ ಗೆರೆಗಳು. ಮೇಲಾಗಿ ತೂತು ದೊಡ್ಡದು ಮಾಡಿ ಸ್ಪ್ರಾಕೆಟ್ ಹಲ್ಲಿನ ಬುಡ ತೆಳ್ಳಗೆ ಮಾಡಿಕೊಂಡಿದ್ದೆ. ದುಡ್ಡು ಕೊಟ್ಟು ಡ್ರಮ್ ಹಾಳು ಮಾಡಿಸಿಕೊಂಡ ಹಾಗಾಯಿತು.

ಹೊಸ ಡ್ರಮ್ ತರಿಸಿದೆ. ಈ ಸಲ ಎಣ್ಣೆ ಹೀರಿಕೊಳ್ಳುವ ಸಿಂಟರ್ಡ್ (ಲೋಹದ ಪುಡಿ ಒತ್ತಿ ಕಾಯಿಸಿ ಮಾಡಿದ) ಕಂಚಿನ ಬುಷ್ಷೇ. ಆಗ ಇನ್ನೊಂದು ತಪ್ಪು ಹೊಳೆಯಿತು. ನಾನು ಪ್ರತಿ ಭಾನುವಾರ ಕ್ಲಚ್ ಮೇಲೆ ಪೆಟ್ರೋಲ್ ಸುರಿದು ತೊಳೆಯುತ್ತಿದ್ದೆ! ಈ ಬುಷ್ ಸ್ಪಂಜಿನ ಹಾಗೆ, ಅದರ ಜೀವವೇ ಒಳಗಿನ ಎಣ್ಣೆ. ಅದನ್ನೇ ತೊಳೆದು ತೆಗೆಯುತ್ತಿದ್ದೆ.

ಎಣ್ಣೆ ಕುಡಿಸಲು ಅಣ್ಣ ಹೇಳಿಕೊಟ್ಟ ದಾರಿ ಇದು. ಬುಷ್ಷಿನ ಕೆಳಬಾಯಿಗೆ ಒಂದು ಹೆಬ್ಬೆರಳು. ಒಳಗೆ 30 ನಂಬರ್ (ಎಸ್‌ಎಇ 30) ಎಂಜಿನ್ ಎಣ್ಣೆ ತುಂಬಿಸಿ, ಮೇಲಿನ ಬಾಯಿಯನ್ನು ಇನ್ನೊಂದು ಹೆಬ್ಬೆರಳಿನಿಂದ ಮುಚ್ಚಿ ಬಲವಾಗಿ ಒತ್ತಬೇಕು. ಸ್ವಲ್ಪ ಹೊತ್ತಿಗೆ ಬುಷ್ಷಿನ ಹೊರಮೈ ಮೇಲೆ ಬೆವರಿನ ಹಾಗೆ ಎಣ್ಣೆಯ ಸಣ್ಣ ಹನಿಗಳು ಮೂಡುತ್ತವೆ. ಲೋಹ ಬೆವರುವುದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ರಾತ್ರಿಯಿಡೀ ಎಣ್ಣೆಯಲ್ಲೇ ನೆನೆಸಿಟ್ಟೆ.

ಬೆಳಿಗ್ಗೆ ವೈಸ್‌ನಲ್ಲಿಟ್ಟು ನಿಧಾನವಾಗಿ ಒತ್ತಿ ಕೂರಿಸಿದೆ. ಸುತ್ತಿಗೆ ಮುಟ್ಟಲಿಲ್ಲ. ಶಾಫ್ಟ್ ಮೇಲಿನ ಗೆರೆಗಳ ಚೂಪನ್ನು ನುಣುಪು ಎಮರಿ ಮತ್ತು ಎಣ್ಣೆಯಲ್ಲಿ ತೆಗೆದೆ. ಅರ ಹಾಕಿದ್ದರೆ ಶಾಫ್ಟೇ ಹೋಗುತ್ತಿತ್ತು. ಬುಷ್ಷಿನ ಒಳಮೈಗೆ ಮಾತ್ರ ಎಮರಿ ಹಾಕಬಾರದು. ಎಣ್ಣೆ ಬರುವ ಸಣ್ಣ ರಂಧ್ರಗಳು ಮುಚ್ಚಿಹೋಗುತ್ತವೆ.

ಚೈನ್ ಈಗ ಬೆರಳಲ್ಲಿ ಎತ್ತಿದರೆ ಅರ್ಧ ಇಂಚು ಆಡುತ್ತದೆ. ಬಿಗಿ ಚೈನ್ ಡ್ರಮ್ಮನ್ನು ಒಂದೇ ಪಕ್ಕಕ್ಕೆ ಎಳೆಯುತ್ತದೆ, ಮೊಟ್ಟೆ ಆಕಾರ ಬಂದಿದ್ದು ಅದರಿಂದಲೇ. ಹಿಂದಿನ ಸ್ಪ್ರಾಕೆಟ್ಟಿಗೆ ಉದ್ದ ಸ್ಕೇಲ್ ಒರಗಿಸಿ ಎರಡೂ ಒಂದೇ ಗೆರೆಯಲ್ಲಿವೆಯಾ ಅಂತಲೂ ನೋಡಿದೆ. ಒಂದೆರಡು ಮಿಮೀ ಓರೆ ಇತ್ತು, ಸರಿ ಮಾಡಿದೆ.

ಐಡಲ್ ವಿಷಯದಲ್ಲೂ ತಪ್ಪು ನನ್ನದೇ. ಮಂಜು ಬೀಳುವ ಬೆಳಿಗ್ಗೆ ಎಂಜಿನ್ ಆಫ್ ಆಗುತ್ತದೆ ಅಂತ ಐಡಲ್ ಏರಿಸಿ, ಇಳಿಸಲು ಮರೆತಿದ್ದೆ. ಕ್ಲಚ್ ಹಿಡಿಯಲು ಶುರು ಮಾಡುವುದೇ 2,000 ಆರ್‌ಪಿಎಂ ಆಸುಪಾಸಿನಲ್ಲಿ. ಐಡಲ್ ಅಲ್ಲೇ ಇದ್ದರೆ ಶೂಗಳು ಡ್ರಮ್ಮನ್ನು ಕೆರೆಯುತ್ತಾ ಕಾಯಿಸುತ್ತಲೇ ಇರುತ್ತವೆ. ಈಗ 1,400ಕ್ಕೆ ಇಳಿಸಿದ್ದೇನೆ. ಚಳಿಗೆ ಎರಡು ನಿಮಿಷ ಚೋಕ್ ಹಾಕಿ ಕಾಯುತ್ತೇನೆ, ಅಷ್ಟೇ.

ಓಡಿಸುವ ದಿನ ಬೆಳಿಗ್ಗೆ ಬುಷ್ಷಿನ ತುದಿಗೆ ಎಣ್ಣೆ ಎರಡು ಹನಿ. ಒಮ್ಮೆ ಧಾರಾಳವಾಗಿ ಬಿಟ್ಟು ಶೂಗಳಿಗೆಲ್ಲ ಹತ್ತಿ, ಹೊಗೆ ಬಂದಿದ್ದೇ ಹೊರತು ಗಾಡಿ ಹೊರಡಲಿಲ್ಲ. ಗೆಳೆಯರು ಸರದಿಗೆ ಕಾಯುವಾಗ ಎಂಜಿನ್ ಆಫ್ ಮಾಡಿಸುತ್ತೇನೆ. ಪುನಃ ಸ್ಟಾರ್ಟ್ ಮಾಡೋ ಹಗ್ಗ ಎಳೀಬೇಕಲ್ಲ ಅಂತ ಗೊಣಗುತ್ತಾರೆ. ಗೊಣಗಲಿ.

ಹೊಸ ಬುಷ್ ಒಂದು ಸೀಸನ್ ಕಳೆಯಿತು. ಮಳೆಗೆ ಮುಂಚೆ ಡ್ರಮ್ ಬಿಚ್ಚಿ, ಶಾಫ್ಟ್‌ಗೆ ಗ್ರೀಸ್ ಸವರಿ, ಹಳೆ ಟ್ಯೂಬ್ ಸುತ್ತಿಟ್ಟೆ. ಇಲ್ಲಿಯ ಮಳೆಗಾಲದಲ್ಲಿ ಹಾಗೇ ಬಿಟ್ಟರೆ ತುಕ್ಕೇ ಅರ್ಧ ತಿಂದಿರುತ್ತದೆ. ಸ್ಪೇರ್ ಬುಷ್ ಎರಡು ಎಣ್ಣೆ ಬಾಟಲಿಯಲ್ಲಿ ನೆನೆಯುತ್ತಿವೆ. ಒಲೆಯ ಹತ್ತಿರ ಬೆಚ್ಚಗಿರಲಿ ಅಂತ ಅಡುಗೆಮನೆಯಲ್ಲಿಟ್ಟಿದ್ದೆ. ಅಮ್ಮ ಪಂದಿ ಕರಿಗೆ (ಹಂದಿ ಸಾರಿಗೆ) ಕಾಚಂಪುಳಿ, ಅಂದರೆ ನಮ್ಮ ಕಡೆಯ ಕಪ್ಪು ಹುಳಿರಸ, ಅಂತ ಅದನ್ನೇ ಕೈಗೆತ್ತಿಕೊಂಡರಂತೆ. ಈಗ ಅದು ಶೆಡ್ಡಿನಲ್ಲಿದೆ.